ಸದನದ ಮಾತು, ಕಿವಿಮಾತು
(ಬಾಗಲಗುಂಟೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ಬಾಗಲಗುಂಟೆಯಿಂದ ಹೆಸರಘಟ್ಟ ರಸ್ತೆಯಲ್ಲಿ ಮುಂದೆ ಸಾಗಿದರೆ 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆಯೂ ಅದರ ಸಮೀಪದ ವಿಶಾಲ ಹುಲ್ಲುಗಾವಲೂ ಎದುರಾಗುತ್ತವೆ. ಮರಗಳಿಲ್ಲದ ನೆಲವನ್ನು ಬೀಳುಭೂಮಿ ಎಂದು ಭಾವಿಸುವವರು ಹಲವರು. ಕೃಷಿ ವಿಜ್ಞಾನ ಹಾಗೆ ಹೇಳುವುದಿಲ್ಲ. ಹುಲ್ಲಿನ ಬೇರು ಮಣ್ಣನ್ನು ಹಿಡಿದಿಡುತ್ತದೆ, ಮಳೆನೀರನ್ನು ಇಂಗಿಸುತ್ತದೆ. ನಮ್ಮ ಬೆಟ್ಟ, ಬ್ಯಾಣಗಳ ಕಥೆಯೂ ಇದೇ. ಇಂತಹ ನೆಲದ ಭವಿಷ್ಯ ಎಲ್ಲಿ, ಯಾರ ಮಾತಿನಿಂದ ನಿರ್ಧಾರವಾಗುತ್ತದೆ ಎಂಬುದೇ ಇಂದಿನ ವಿಚಾರ.

ಹೆಸರಘಟ್ಟವು ಯಲಹಂಕ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. ಶ್ರೀ ಎಸ್.ಆರ್. ವಿಶ್ವನಾಥ್ ಅವರು 2008, 2013, 2018 ಮತ್ತು 2023ರಲ್ಲಿ ಇಲ್ಲಿಂದ ಆಯ್ಕೆಯಾದರು. 2019ರಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ರಾಜಕೀಯ ಕಾರ್ಯದರ್ಶಿಯಾದರು. 2020ರ ನವೆಂಬರಿನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು. ಸುಮಾರು 5,000 ಎಕರೆ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವವು 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿಯ ಮುಂದೆ ಬಂದಾಗ ಅವರು ಅದನ್ನು ವಿರೋಧಿಸಿದರು. ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಆ ಮಂಡಳಿ ಪ್ರಸ್ತಾವವನ್ನು ಕೈಬಿಟ್ಟಿತು. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2024ರಲ್ಲಿ ಅದೇ ಮಂಡಳಿ 5,678 ಎಕರೆಯ ಮೀಸಲಿಗೆ ಒಪ್ಪಿಗೆ ನೀಡಿತು.

ಕ್ಷೇತ್ರದ ಜನರ ಆತಂಕವನ್ನು ಹೇಳುವುದು ಶಾಸಕರ ಹಕ್ಕು, ಕರ್ತವ್ಯವೂ ಹೌದು. ಇಲ್ಲಿರುವ ಪ್ರಶ್ನೆ ಒಬ್ಬ ವ್ಯಕ್ತಿಯದಾಗಲಿ, ಒಂದು ಪಕ್ಷದ್ದಾಗಲಿ ಅಲ್ಲ. 2023ರಲ್ಲಿ ಸರ್ಕಾರ ಬದಲಾದ ಮೇಲೂ ವಿಧಾನ ಪರಿಷತ್ತಿನ ಸದಸ್ಯರಾದ ಕೆ. ಗೋವಿಂದರಾಜ್ ಮತ್ತು ನಸೀರ್ ಅಹ್ಮದ್ ಮುಖ್ಯಮಂತ್ರಿ ಸಿದ್ದರಾಮಯ್ಯನವರ ರಾಜಕೀಯ ಕಾರ್ಯದರ್ಶಿಗಳಾದರು, ಶಾಸಕ ಬಿ.ಆರ್. ಪಾಟೀಲರು ಸಲಹೆಗಾರರಾದರು. ಸಂವಿಧಾನದ 91ನೆಯ ತಿದ್ದುಪಡಿಯು 2003ರಲ್ಲಿ ಮಂತ್ರಿಗಳ ಸಂಖ್ಯೆಗೆ ಸದನದ ಶೇ. 15ರ ಮಿತಿ ಹಾಕಿತು. ಮಂತ್ರಿಸ್ಥಾನ ಸಿಗದವರಿಗೆ ಅಂದಿನಿಂದ ಇಂತಹ ಹುದ್ದೆಗಳೇ ಸಮಾಧಾನವಾಗಿವೆ. ಲಾಭದಾಯಕ ಹುದ್ದೆ ಹೊಂದಿದವರು ಶಾಸಕರಾಗಿರುವಂತಿಲ್ಲ ಎಂದು 191ನೆಯ ವಿಧಿ ಹೇಳುತ್ತದೆ. ಕಾನೂನು ಮಾಡಿ ವಿನಾಯಿತಿ ಕೊಡಲು ಅದೇ ವಿಧಿ ಶಾಸನಸಭೆಗೆ ಅವಕಾಶವನ್ನೂ ಕೊಟ್ಟಿದೆ.

ಇದರ ಪರಿಣಾಮವನ್ನು ಯೋಚಿಸಿರಿ. ಸರ್ಕಾರವನ್ನು ಪ್ರಶ್ನಿಸಬೇಕಾದವರು ಸರ್ಕಾರದ ಮುಖ್ಯಸ್ಥರ ಆಪ್ತರಾಗುತ್ತಾರೆ. ಸದನದಲ್ಲಿ ಆಡಿದ ಮಾತು ಕಡತದಲ್ಲಿ ಉಳಿಯುತ್ತದೆ. ಕಿವಿಯಲ್ಲಿ ಹೇಳಿದ್ದು ಉಳಿಯುವುದಿಲ್ಲ. ಇಂದು ಆಪ್ತರಾಗಿದ್ದವರು ನಾಳೆ ಗಣಿಗೋ ರೆಸಾರ್ಟಿಗೋ ಪರವಾಗಿ ಲಾಬಿಗೆ ನಿಂತರೂ ನಮಗೆ ತಿಳಿಯುವ ಬಗೆಯಿಲ್ಲ. ಅಮೆರಿಕದಲ್ಲಿ 1995ರ ಕಾನೂನಿನಂತೆ ಲಾಬಿ ಮಾಡುವವರು ಹೆಸರು ನೋಂದಾಯಿಸಿ, ಯಾರ ಪರ ಎಂಬುದನ್ನು ಬಹಿರಂಗಪಡಿಸಬೇಕು. ಅಲ್ಲಿ ಲಾಬಿ ನಿಂತಿಲ್ಲ, ಆದರೆ ಹೆಸರುಗಳಾದರೂ ಗೊತ್ತಾಗುತ್ತವೆ. ನಮ್ಮಲ್ಲಿ ಅಂತಹ ಕಾನೂನಿಲ್ಲ.

ಆದುದರಿಂದ ಇರುವ ಸಾಧನವನ್ನೇ ಬಳಸೋಣ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಸಭೆಯ ನಡಾವಳಿಯನ್ನು ಕೇಳಿರಿ: ಯಾರಿದ್ದರು, ಏನೆಂದರು, ಯಾವ ಕಾರಣ ದಾಖಲಾಯಿತು? ಗ್ರಾಮಸಭೆಯಲ್ಲಿ ನಿಮ್ಮ ಅಭಿಪ್ರಾಯವನ್ನು ಠರಾವಾಗಿ ಬರೆಸಿರಿ. ಮತ ಕೇಳಲು ಬಂದವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಒಂದು ಮಾತು ಕೇಳಿರಿ: 'ನಮ್ಮ ಗುಡ್ಡದ ಬಗ್ಗೆ ಸದನದಲ್ಲಿ ಏನು ಹೇಳಿದಿರಿ?'