ಕರ್ಣವೇಧ: ಮಗುವಿಗೆ ಯಾವ ವಯಸ್ಸಿನಲ್ಲಿ?

(ಉಪನ್ಯಾಸದ ಬರಹರೂಪ)



ಷೋಡಶ ಸಂಸ್ಕಾರಗಳನ್ನು ಎಣಿಸುವಾಗ ಅನೇಕ ಗ್ರಂಥಕಾರರು ಕರ್ಣವೇಧವನ್ನೂ ಸೇರಿಸಿದ್ದಾರೆ. ಆದರೆ ನಾಮಕರಣ, ಚೌಲ, ಉಪನಯನಗಳಿಗೆ ಸಲ್ಲುವಷ್ಟು ವಿಚಾರ ಇದಕ್ಕೆ ಸಲ್ಲುವುದಿಲ್ಲ. ಪುರೋಹಿತರಿಗೆ ಇದರಲ್ಲಿ ಕೆಲಸ ಕಡಿಮೆ. ಅಕ್ಕಸಾಲಿಗನ ಕೈಯಲ್ಲಿ ಎರಡು ನಿಮಿಷದಲ್ಲಿ ಮುಗಿದುಹೋಗುವ ಕಾರ್ಯವಿದು. ಹಾಗಿದ್ದರೂ ಮನೆಯೊಳಗೆ ಹಿರಿಯರಿಗೂ ಕಿರಿಯರಿಗೂ ನಡುವೆ ವಾದವನ್ನೆಬ್ಬಿಸುವ ಸಂಸ್ಕಾರಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಟ್ಟರೆ ತಪ್ಪಾಗಲಾರದು.

ಪುಣೆ ಕ್ಯಾಂಪಿನಂತಹ ಪ್ರದೇಶದಲ್ಲಿ ಈ ವಾದಕ್ಕೆ ವಿಶೇಷ ಕಾರಣಗಳೂ ಇವೆ. ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು 1956ರವರೆಗೆ ಪುಣೆಯಂತೆಯೇ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ರೈಲ್ವೆ, ಸೇನಾ ಕಚೇರಿ, ಶಿಕ್ಷಣ ಮೊದಲಾದ ನಿಮಿತ್ತಗಳಿಂದ ಆ ಭಾಗದ ಕುಟುಂಬಗಳು ಇಲ್ಲಿ ನೆಲೆಯೂರಿದವು. ಇಂತಹ ಮನೆಯಲ್ಲಿ ಮಗು ಜನಿಸಿದಾಗ ಊರಿನಿಂದ ಬಂದ ಅಜ್ಜಿ, "ಅನ್ನಪ್ರಾಶನದ ಹೊತ್ತಿಗೆ ಸೋದರಮಾವನ ತೊಡೆಯ ಮೇಲೆ ಕೂಡಿಸಿ ಚುಚ್ಚಿಸಿಬಿಡೋಣ" ಎನ್ನುತ್ತಾಳೆ. ನೆರೆಯ ಮರಾಠಿ ಮನೆಯವರು ಹನ್ನೆರಡನೆಯ ದಿನದ ಬಾರಸೆಯಂದೇ ಚುಚ್ಚಿಸಿರುತ್ತಾರೆ. ಮಗುವಿನ ತಾಯಿಯಾದರೋ, "ಅದರ ಕಿವಿ, ಅದೇ ದೊಡ್ಡದಾಗಿ ಕೇಳಲಿ" ಎನ್ನುತ್ತಾಳೆ. ಮೂವರೂ ಮಗುವಿನ ಹಿತವನ್ನೇ ಬಯಸುವವರು. ಆದ್ದರಿಂದಲೇ ಇತ್ಯರ್ಥ ಕಠಿಣವಾಗುತ್ತದೆ.

ಶಾಸ್ತ್ರವು ಒಂದೇ ವಯಸ್ಸನ್ನು ವಿಧಿಸಿದೆಯೆಂಬ ಭಾವನೆಯನ್ನು ಮೊದಲು ಬಿಡಬೇಕು. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1930ರಿಂದ 1962ರವರೆಗೆ ಪ್ರಕಟಿಸಿದ ಧರ್ಮಶಾಸ್ತ್ರದ ಇತಿಹಾಸದಲ್ಲಿ ಭಾರತರತ್ನ ಪಾಂಡುರಂಗ ವಾಮನ ಕಾಣೆಯವರು ಈ ವಿಷಯವನ್ನು ಶೋಧಿಸಿದ್ದಾರೆ. ಪ್ರಾಚೀನ ಗೃಹ್ಯಸೂತ್ರಗಳಲ್ಲಿ ಕರ್ಣವೇಧದ ವಿಧಿ ಸಾಮಾನ್ಯವಾಗಿ ಕಾಣಸಿಗದು. ಅದು ವಿಸ್ತಾರವಾಗಿ ಬರುವುದು ಪರಿಶಿಷ್ಟಗಳಲ್ಲಿ ಮತ್ತು ಅನಂತರದ ನಿಬಂಧಗಳಲ್ಲಿ. ಕಾತ್ಯಾಯನರ ಹೆಸರಿನ ಪರಿಶಿಷ್ಟವು ಮೂರನೆಯ ಅಥವಾ ಐದನೆಯ ವರ್ಷವನ್ನು ಹೇಳುತ್ತದೆ. ಮುಹೂರ್ತ ಗ್ರಂಥಗಳು ಹನ್ನೆರಡನೆಯ ಅಥವಾ ಹದಿನಾರನೆಯ ದಿನವನ್ನೂ, ಆರು, ಏಳು, ಎಂಟನೆಯ ತಿಂಗಳುಗಳನ್ನೂ, ಅದು ತಪ್ಪಿದರೆ ವಿಷಮ ವರ್ಷಗಳನ್ನೂ ಒಪ್ಪುತ್ತವೆ. ಚೈತ್ರ, ಪುಷ್ಯ, ಜನ್ಮಮಾಸ, ಹರಿಶಯನದ ಕಾಲ, ರಿಕ್ತಾ ತಿಥಿಗಳು ವರ್ಜ್ಯ. ಹೀಗೆ ಹನ್ನೆರಡು ದಿನದ ಶಿಶುವಿನಿಂದ ಹಿಡಿದು ಐದು ವರ್ಷದ ಬಾಲಕನವರೆಗೆ ಅವಕಾಶವನ್ನು ಚಾಚಿರುವುದನ್ನು ನೋಡಿದರೆ, ನಿರ್ಣಯವನ್ನು ಮನೆಯವರ ವಿವೇಕಕ್ಕೇ ಬಿಟ್ಟಂತೆ ಕಾಣುತ್ತದೆ.

ಧರ್ಮಶಾಸ್ತ್ರವು ಬಿಟ್ಟುಕೊಟ್ಟ ಈ ಅವಕಾಶವನ್ನು ಆಯುರ್ವೇದವು ಬಿಗಿಗೊಳಿಸಿತು. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯವು ಪೂರ್ಣವಾಗಿ ಕಿವಿಗೆ ಸಂಬಂಧಿಸಿದ್ದೆನ್ನಬಹುದು. ಮಗುವಿನ ಕಿವಿ ಚುಚ್ಚುವುದು ರಕ್ಷೆಗಾಗಿ ಮತ್ತು ಭೂಷಣಕ್ಕಾಗಿ ಎಂದು ಆರಂಭಿಸಿ, ಆರನೆಯ ಅಥವಾ ಏಳನೆಯ ತಿಂಗಳಲ್ಲಿ, ಶುಕ್ಲಪಕ್ಷದಲ್ಲಿ, ಮಗುವನ್ನು ಧಾತ್ರಿಯ ತೊಡೆಯ ಮೇಲೆ ಕೂಡಿಸಿ, ಆಟಿಕೆಗಳಿಂದ ಮರುಳುಗೊಳಿಸಿ, ಎಡಗೈಯಿಂದ ಕಿವಿಯನ್ನೆಳೆದು, ಸೂರ್ಯನ ಬೆಳಕು ತೂರಿಬರುವ ಸಹಜವಾದ ಸ್ಥಾನದಲ್ಲಿ ಬಲಗೈಯಿಂದ ನೇರವಾಗಿ ಚುಚ್ಚಬೇಕೆನ್ನುತ್ತಾನೆ ಸುಶ್ರುತ. ಗಂಡುಮಗುವಿಗೆ ಬಲಗಿವಿ ಮೊದಲು, ಹೆಣ್ಣುಮಗುವಿಗೆ ಎಡಗಿವಿ. ತೆಳುವಾದ ಕಿವಿಗೆ ಸೂಜಿ, ದಪ್ಪನೆಯ ಕಿವಿಗೆ ದಬ್ಬಳದಂತಹ ಸಾಧನ. ಅನಂತರ ಹತ್ತಿಯ ಬತ್ತಿ. ಮೂರು ಮೂರು ದಿನಗಳಿಗೆ ಅದನ್ನು ಸ್ವಲ್ಪ ಸ್ವಲ್ಪ ದಪ್ಪಗೊಳಿಸುವ ಕ್ರಮ. ರಕ್ತ ಬಹಳ ಸುರಿದರೆ, ನೋವು ಹೆಚ್ಚಾದರೆ ಚುಚ್ಚಿದ ಸ್ಥಾನ ತಪ್ಪಿತೆಂದು ತಿಳಿಯಬೇಕು. ಅಷ್ಟಾಂಗಹೃದಯದಲ್ಲಿ ವಾಗ್ಭಟನು ಮೂರು ಮಾತುಗಳನ್ನು ಕೂಡಿಸುತ್ತಾನೆ: ಮಗು ನಿರೋಗಿಯಾಗಿರಬೇಕು, ಚಳಿಗಾಲವಾಗಿರಬೇಕು, ಸಂತೈಸುತ್ತ ಚುಚ್ಚಬೇಕು. ಈ ಕಡೆಯ ಮಾತನ್ನು ಇಂದಿನ ಎಷ್ಟೋ ಕಿವಿ ಚುಚ್ಚುವವರಿಗೆ ಕೇಳಿಸುವ ಅಗತ್ಯವಿದೆ.

ಚಳಿಗಾಲದ ನಿರ್ದೇಶವನ್ನೂ ಹರಿಶಯನದ ನಿಷೇಧವನ್ನೂ ಜೊತೆಗಿಟ್ಟು ನೋಡಬೇಕು. ಆಷಾಢ ಶುಕ್ಲ ಏಕಾದಶಿಯಿಂದ ಕಾರ್ತಿಕದವರೆಗಿನ ಆ ಅವಧಿಯ ಬಹುಭಾಗ ಪುಣೆಯಲ್ಲಿ ಮಳೆ, ತೇವ, ಒಣಗದ ಬಟ್ಟೆಗಳ ಕಾಲ. ಗಾಯವೂ ಬೇಗ ಒಣಗದು. ಆರನೆಯ ತಿಂಗಳು ಶ್ರಾವಣದಲ್ಲಿ ಬಂದ ಮಗುವಿಗೆ ಉತ್ಥಾನದ್ವಾದಶಿ ಕಳೆಯುವವರೆಗೆ ಕಾದರೆ ನಷ್ಟವೇನೂ ಇಲ್ಲ.

ಅದೇ ಅಧ್ಯಾಯದ ಮುಂದಿನ ಭಾಗ ಪುಣೆಯವರಿಗೆ ಇನ್ನಷ್ಟು ಹತ್ತಿರದ್ದು. ಚುಚ್ಚಿದ ಕಿವಿಯಲ್ಲಿ ಭಾರವಾದ ಆಭರಣ ತೊಟ್ಟರೆ ಹಾಲೆ ಹರಿಯುತ್ತದೆ. ಹರಿದ ಹಾಲೆಯನ್ನು ಕೂಡಿಸುವ ಹದಿನೈದು ಬಗೆಗಳನ್ನು ಸುಶ್ರುತನು ವಿವರಿಸಿ, ಅಧ್ಯಾಯದ ಕೊನೆಗೆ ತುಂಡಾದ ಮೂಗನ್ನು ಮರಳಿ ನಿರ್ಮಿಸುವ ವಿಧಾನಕ್ಕೆ ಬರುತ್ತಾನೆ. ಈ ವಿದ್ಯೆ ಗ್ರಂಥದಲ್ಲಿಯೇ ಉಳಿಯಲಿಲ್ಲ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತುಗಳನ್ನು ನಡೆಸುತ್ತಿದ್ದ ಕಾವಸಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಅನಂತರ ಪುಣೆಯ ಸಮೀಪದ, ಇಟ್ಟಿಗೆ ಮಾಡುವ ಕುಲದ ಒಬ್ಬ ಕುಶಲಿಯು ಹಣೆಯ ಚರ್ಮವನ್ನಿಳಿಸಿ ಅವನಿಗೆ ಹೊಸ ಮೂಗನ್ನು ಕೂಡಿಸಿದನು. ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡ ಈ ಶಸ್ತ್ರಕ್ರಿಯೆಯ ವರದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜಿನ್'ದಲ್ಲಿ ಅಚ್ಚಾಯಿತು. ಅದನ್ನೋದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇದೇ ಕ್ರಮದಿಂದ ಶಸ್ತ್ರಕ್ರಿಯೆ ಮಾಡಿ 1816ರಲ್ಲಿ ಪುಸ್ತಕ ಪ್ರಕಟಿಸಿದನು. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಇದು ಪ್ರಸಿದ್ಧ ಪ್ರಸಂಗ. ಮೂಗಿನ ವಿದ್ಯೆಯನ್ನೂ ಕಿವಿಯ ವಿದ್ಯೆಯನ್ನೂ ಒಂದೇ ಅಧ್ಯಾಯದಲ್ಲಿಟ್ಟ ಸುಶ್ರುತನು ಕಿವಿ ಚುಚ್ಚುವುದನ್ನು ಶಸ್ತ್ರಕರ್ಮವೆಂದೇ ಎಣಿಸಿದ್ದನು. ವಯಸ್ಸಿನ ಪ್ರಶ್ನೆಯನ್ನು ವೈದ್ಯರಿಗೂ ಕೇಳಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ.

ಇಂದಿನ ವೈದ್ಯರು ಏನೆನ್ನುತ್ತಾರೆ? ಭಾರತದ ಲಸಿಕಾ ಕ್ರಮದಲ್ಲಿ ಧನುರ್ವಾಯು, ನಾಯಿಕೆಮ್ಮು ಮೊದಲಾದವುಗಳ ವಿರುದ್ಧದ ಲಸಿಕೆಯನ್ನು 6, 10 ಮತ್ತು 14ನೆಯ ವಾರಗಳಲ್ಲಿ ಕೊಡುತ್ತಾರೆ. ಹನ್ನೆರಡನೆಯ ದಿನದ ಶಿಶುವಿಗೆ ಈ ರಕ್ಷಣೆ ಇನ್ನೂ ದೊರೆತಿರುವುದಿಲ್ಲ. ಆರನೆಯ ತಿಂಗಳಿಗೆ ಮೂರೂ ಸಲದ ಲಸಿಕೆ ಮುಗಿದಿರುತ್ತದೆ. ಸುಶ್ರುತನ ತಿಂಗಳು ಇಲ್ಲಿ ಹೊಂದಿಬರುವುದು ಆಕಸ್ಮಿಕವಾದರೂ ಉಪಯುಕ್ತ. ಬಾರಸೆಯ ದಿನದ ಕರ್ಣವೇಧಕ್ಕೆ ಮುಹೂರ್ತದ ಅನುಮತಿಯಿದ್ದರೂ ಅದನ್ನು ಮುಂದೂಡುವುದೇ ಲೇಸು. ಅಮೆರಿಕದ ಶಿಶುವೈದ್ಯರ ಅಕಾಡೆಮಿಯು ಜಾಗರೂಕತೆಯಿಂದ ಮಾಡಿದರೆ ಯಾವ ವಯಸ್ಸಿನಲ್ಲಿಯೂ ಅಪಾಯ ಅತ್ಯಲ್ಪವೆಂದರೂ, ಮಗುವು ತಾನೇ ಕಿವಿಯನ್ನು ನೋಡಿಕೊಳ್ಳುವಷ್ಟು ಬೆಳೆಯುವವರೆಗೆ ಕಾಯುವುದನ್ನು ಸೂಚಿಸುತ್ತದೆ. 2015ರಲ್ಲಿ ಬ್ರಿಟನ್ನಿನಲ್ಲಿ ಶಿಶುಗಳ ಕಿವಿ ಚುಚ್ಚುವುದನ್ನು ನಿಷೇಧಿಸಬೇಕೆಂದು ಸಾವಿರಾರು ಜನ ಮನವಿಗೆ ಸಹಿ ಮಾಡಿದರು. ಮಗಳ ತಾಯಿಯ ಮಾತಿಗೆ ಹಿಂದೆ ಇಂತಹ ವಿಚಾರವೂ ಇದೆ. ಅದನ್ನು ಹೊಸಗಾಲದ ಹಟವೆಂದು ತಳ್ಳಿಹಾಕಲಾಗದು.

ಆದರೆ ಕಾಯುವುದಕ್ಕೂ ಒಂದು ಮಿತಿಯುಂಟು. ಕೆಲವು ವಂಶಗಳಲ್ಲಿ ಗಾಯ ಮಾಗಿದ ಸ್ಥಳದಲ್ಲಿ ಗಂಟಿನಂತೆ ಚರ್ಮ ಬೆಳೆಯುತ್ತದೆ; ವೈದ್ಯರು ಇದನ್ನು ಕೆಲಾಯ್ಡ್ ಎನ್ನುತ್ತಾರೆ. 2005ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದ ಒಂದು ಚಿಕ್ಕ ಸಮೀಕ್ಷೆಯ ಪ್ರಕಾರ, ಹನ್ನೊಂದು ವರ್ಷಕ್ಕಿಂತ ಮೊದಲು ಚುಚ್ಚಿಸಿಕೊಂಡವರಿಗಿಂತ ಅನಂತರ ಚುಚ್ಚಿಸಿಕೊಂಡವರಲ್ಲಿ ಇದು ಬಹಳ ಹೆಚ್ಚು. ತಂದೆತಾಯಿಗಳಿಗೆ ಅಂತಹ ಗಂಟು ಇದ್ದರೆ ಮಗುವಿನ ಕಿವಿಯ ವಿಷಯದಲ್ಲಿ ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಇವೆಲ್ಲವನ್ನೂ ತೂಗಿ ನೋಡಿದರೆ ಎರಡು ಕಾಲಗಳು ಯುಕ್ತವೆನಿಸುತ್ತವೆ. ಒಂದು, ಲಸಿಕೆ ಮುಗಿದ ಮೇಲಿನ ಆರರಿಂದ ಎಂಟನೆಯ ತಿಂಗಳು. ಆಗ ಕಿವಿ ತೆಳು. ಮಗುವಿಗೆ ಮುಂದಾಗಿ ಭಯವಿಲ್ಲ, ಅತ್ತರೂ ತೊಡೆಯ ಮೇಲೆಯೇ ಮರೆಯುತ್ತದೆ. ಇನ್ನೊಂದು, ಮಗುವೇ ಬಂದು ಕೇಳುವ ಕಾಲ; ಸಾಮಾನ್ಯವಾಗಿ ಏಳೆಂಟು ವರ್ಷ. ನಡುವಿನ ಎರಡರಿಂದ ಐದು ವರ್ಷಗಳೇ ಕಷ್ಟದವು. ಆ ವಯಸ್ಸಿನ ಮಗುವಿಗೆ ಸೂಜಿ ಏನೆಂದು ತಿಳಿಯುತ್ತದೆ, ಏತಕ್ಕೆಂದು ತಿಳಿಯದು. ಒಂದು ಕಿವಿ ಮುಗಿದ ಮೇಲೆ ಎರಡನೆಯದಕ್ಕೆ ನಾಲ್ಕು ಜನ ಹಿಡಿದುಕೊಳ್ಳಬೇಕಾಗುತ್ತದೆ. ಮಣ್ಣಿನಲ್ಲಾಡಿದ ಕೈ ದಿನವಿಡೀ ಗಾಯದ ಮೇಲೆಯೇ ಇರುತ್ತದೆ. ಮೂರನೆಯ, ಐದನೆಯ ವರ್ಷಕ್ಕೆ ಪರಿಶಿಷ್ಟದ ಸಮ್ಮತಿಯಿದೆಯೆಂಬುದು ನಿಜ. ಸಮ್ಮತಿಯು ಆಜ್ಞೆಯಲ್ಲವಷ್ಟೇ.

ಗಂಡುಮಕ್ಕಳ ವಿಷಯ ಬೇರೆ ತಿರುವು ಪಡೆದಿದೆ. ಹಿಂದೆ ಅವರಿಗೂ ತಪ್ಪದ ಸಂಸ್ಕಾರವಿದು. ಇಂದು ಅನೇಕರು ಅದನ್ನು ಚೌಲದೊಡನೆ ಉಪನಯನದ ದಿನಕ್ಕೇ ತಂದು ನಿಲ್ಲಿಸುತ್ತಾರೆ. ಅದೇ ಪುಣೆಯಲ್ಲಿ ತರುಣರು ಪೇಶ್ವೆಗಳ ಕಾಲದ ಭಿಕಬಾಳಿಯನ್ನು ತಾವಾಗಿಯೇ ಧರಿಸತೊಡಗಿದ್ದಾರೆ. ಭಿಕಬಾಳಿ ಬರುವುದು ಕಿವಿಯ ಮೇಲ್ಭಾಗಕ್ಕೆ. ಹಾಲೆಯಲ್ಲಿ ಬರಿಯ ಮಾಂಸ, ಮೇಲೆ ಮೃದ್ವಸ್ಥಿ. ಅಲ್ಲಿ ಕೀವಾದರೆ ಕಿವಿಯ ಆಕಾರವೇ ಕೆಡಬಹುದು. ಎಳೆಯ ಮಕ್ಕಳಿಗೆ ಅದನ್ನು ಹಾಕಿಸುವ ಚಪಲಕ್ಕೆ ಯಾವ ಗ್ರಂಥದ ಬೆಂಬಲವನ್ನೂ ಹುಡುಕಬಾರದು.

ಯಾರಿಂದ ಚುಚ್ಚಿಸಬೇಕು? ಸೊನಾರನೇ ಕಿವಿ ಚುಚ್ಚಬೇಕೆಂಬ ಮರಾಠಿ ಗಾದೆಯ ಅಭಿಪ್ರಾಯ ಬೇರೆಯಾದರೂ ಪೇಟೆಯ ಸರಾಫ ಅಂಗಡಿಗಳಲ್ಲಿ ಇಂದಿಗೂ ಅದು ಅಕ್ಷರಶಃ ನಡೆಯುತ್ತದೆ. ನುರಿತ ಕೈ ದೊಡ್ಡ ಗುಣವೇ ಸರಿ. ಆದರೆ ಸೂಜಿ ಅಥವಾ ತಂತಿ ಹೊಸದೇ, ಕೈ ತೊಳೆದುಕೊಂಡರೇ ಎಂದು ಕೇಳಲು ಸಂಕೋಚಪಡಬಾರದು. ಸ್ಪ್ರಿಂಗ್ ಗನ್‌ಗಳಲ್ಲಿ ಅನೇಕವನ್ನು ಆಸ್ಪತ್ರೆಯ ಉಪಕರಣಗಳಂತೆ ಉಗಿಯಲ್ಲಿ ಶುದ್ಧಗೊಳಿಸಲು ಬರುವುದಿಲ್ಲ. ಆಭರಣದಲ್ಲಿ ನಿಕ್ಕಲ್ ಬೆರೆತಿದ್ದರೆ ಕಿವಿ ಕೆರೆದು ನೀರೊಸರುತ್ತದೆ. ಶುದ್ಧ ಬಂಗಾರದ ತೆಳು ತಂತಿಯನ್ನು ಆರಿಸಿದ ಹಿರಿಯರ ರೂಢಿ ಇಲ್ಲಿ ಸಾಧುವಾದದ್ದು. ಶಿಶುವಿಗೆ ಕಳಚಿಬೀಳುವ ಸಣ್ಣ ತಿರುಪಿನ ಓಲೆ ಬೇಡ; ಅದು ಬಾಯಿಗೆ ಹೋಗುತ್ತದೆ. ಕಾಯಿಸಿ ಆರಿಸಿದ ಉಪ್ಪುನೀರಿನಿಂದ ದಿನಕ್ಕೆರಡು ಸಲ ಒರೆಸಬೇಕು. ಆರು ವಾರಗಳವರೆಗೆ ಮೊದಲ ತಂತಿಯನ್ನು ತೆಗೆಯಬಾರದು. ಕಿವಿ ಕೆಂಪೇರಿ ಜ್ವರ ಬಂದರೆ ಅರಿಸಿನ ಹಚ್ಚಿ ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು.

ಉಪನಯನದ ದಿನ ವಟುವಿಗೆ ಕರ್ಣವೇಧ ಮಾಡಿಸುವವರು ಒಂದು ತಿಂಗಳು ಮೊದಲೇ ಅವನೊಡನೆ ಮಾತನಾಡಿರುವುದು ಉಚಿತ. ಎಂಟು ವರ್ಷದವನು ಬೇಡವೆಂದರೆ, ಆ ದಿನದ ಮುಖ್ಯ ಕರ್ಮವಾದ ಬ್ರಹ್ಮೋಪದೇಶಕ್ಕೆ ಅದರಿಂದ ಲೋಪವೇನೂ ಬರುವುದಿಲ್ಲ. ಸೋದರಮಾವನು ತಂದ ಒಂಟಿಯನ್ನು ಪೆಟ್ಟಿಗೆಯಲ್ಲಿ ತೆಗೆದಿರಿಸಿದರಾಯಿತು, ಅವನಾಗಿಯೇ ಕೇಳುವವರೆಗೆ.

॥ ಶ್ರೀಕೃಷ್ಣಾರ್ಪಣಮಸ್ತು ॥