ಗಾರೆಯವರ ಪಿಂಚಣಿ



ಫಾಲೋಫೀಲ್ಡಿನ ನಮ್ಮ ಚಿಕಿತ್ಸಾಲಯಕ್ಕೆ ಮಂಡಿನೋವೆಂದು ಬಂದ ಗಾರೆಯವರೊಬ್ಬರಿಗೆ ವಿಶ್ರಾಂತಿ ಬೇಕೆಂದೆವು. 'ಪಿಂಚಣಿಯಿಲ್ಲದೆ ವಿಶ್ರಾಂತಿಯೆಲ್ಲಿ ಡಾಕ್ಟರೇ?' ಎಂದರು. ಹನ್ನೊಂದು ವರ್ಷ ಒಬ್ಬನೇ ಗುತ್ತಿಗೆದಾರನಲ್ಲಿ ದುಡಿದರೂ ಕಾಗದದಲ್ಲಿ ಅವರು 'ಸ್ವಯಂ ಉದ್ಯೋಗಿ'.

2008ರ ಪಿಂಚಣಿ ಕಾಯಿದೆಯ ಈ ಕಟ್ಟಳೆ 2012ರಿಂದ ಹಂತಹಂತವಾಗಿ ಜಾರಿಗೆ ಬಂದಿತು: 22 ವರ್ಷದಿಂದ ಸರ್ಕಾರಿ ಪಿಂಚಣಿಯ ವಯಸ್ಸಿನವರೆಗೆ, ವರ್ಷಕ್ಕೆ 10,000 ಪೌಂಡಿಗೆ ಮೀರಿ ಗಳಿಸುವ ಕೆಲಸಗಾರನನ್ನು ಮಾಲೀಕನೇ ಯೋಜನೆಗೆ ಸೇರಿಸಬೇಕು, ನಿಗದಿತ ಸಂಬಳಭಾಗದ ಶೇಕಡಾ 3ನ್ನಾದರೂ ತಾನು ತುಂಬಬೇಕು. ತಪ್ಪಿದರೆ ನೋಟಿಸು, 400 ಪೌಂಡ್ ದಂಡ, ಬಳಿಕ ದಿನವಹಿ ದಂಡ. ಆದರೆ 'ಇವನು ನನ್ನ ಕೆಲಸಗಾರನೇ ಅಲ್ಲ' ಎಂದುಬಿಟ್ಟರೆ?

1996ರಲ್ಲಿ ಭಾರತವು ಕಟ್ಟಡದ ವೆಚ್ಚದ ಮೇಲೆಯೇ ಸೆಸ್ ವಿಧಿಸಿ ಈ ತಕರಾರನ್ನು ಬದಿಗಿಟ್ಟಿತು. ಅಲ್ಲಿನ ತೊಡಕು ನೋಂದಣಿಯದು. ಇಲ್ಲಿಯ ಕಾನೂನು ಹಣೆಪಟ್ಟಿಯನ್ನಲ್ಲ, ಕೆಲಸದ ವಾಸ್ತವವನ್ನು ನೋಡುತ್ತದೆ. ಹಳೆಯ ಪಾವತಿ ಚೀಟಿಗಳೊಡನೆ ಸಿಟಿಜನ್ಸ್ ಅಡ್ವೈಸ್‌ಗೆ ಹೋಗಿರೆಂದು ನಾವು ಮಾತ್ರೆಗಳ ಜೊತೆಗೇ ಬರೆದುಕೊಟ್ಟೆವು.