ಹಳೆಯ ಉಪಕರಣಕ್ಕೆ ಹೊಸ ಮುಖ

ಕಂಪ್ಯೂಟರುಗಳ ನಡುವೆ ಓಡಾಡುವ ಸಂದೇಶವು ಇಡಿಯಾಗಿ ಹೋಗುವುದಿಲ್ಲ. ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು ಸಾಗುತ್ತದೆ. ಆ ಪೊಟ್ಟಣಗಳನ್ನು ನಡುದಾರಿಯಲ್ಲಿ ಹಿಡಿದು, ಎಲ್ಲಿಂದ ಹೊರಟಿತು, ಎಲ್ಲಿಗೆ ಸೇರಬೇಕು, ಗುಪ್ತಲಿಪಿಯಲ್ಲಿ ಇಲ್ಲದಿದ್ದರೆ ಒಳಗೇನಿದೆ ಎಂಬುದನ್ನೆಲ್ಲ ಪದರ ಪದರವಾಗಿ ಬಿಡಿಸಿ ತೋರಿಸುವ ತಂತ್ರಾಂಶವೊಂದಿದೆ. ವೈರ್‌ಶಾರ್ಕ್ ಎಂದು ಅದರ ಹೆಸರು. ಹಳಗನ್ನಡ ಪದ್ಯಗಳಿಗೆ ಅನ್ವಯ ಹೇಳುತ್ತ ನಿವೃತ್ತನಾದ ನನಗೆ ಈ ಬಿಡಿಸುವ ಕೆಲಸ ತೀರ ಅಪರಿಚಿತವೆನಿಸಲಿಲ್ಲ.

ಅಮೆರಿಕದ ಜೆರಾಲ್ಡ್ ಕೂಂಬ್ಸ್ ಅವರು 1998ರಲ್ಲಿ ಇದನ್ನು ಈಥೀರಿಯಲ್ ಎಂಬ ಹೆಸರಿನಿಂದ ಹೊರತಂದರು. ಇದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 2006ರಲ್ಲಿ ಅವರು ಉದ್ಯೋಗ ಬದಲಿಸಿದಾಗ ಹೆಸರಿನ ಹಕ್ಕು ಹಿಂದಿನ ಸಂಸ್ಥೆಯಲ್ಲಿಯೇ ಉಳಿಯಿತು. ಸಂಕೇತವು ಎಲ್ಲರಿಗೂ ಮುಕ್ತವಾಗಿದ್ದುದರಿಂದ ಅವರೊಡನೆ ನಡೆದುಬಂದಿತು. ಕೃತಿ ಅದೇ, ಅಂಕಿತ ಮಾತ್ರ ಬೇರೆಯಾಯಿತೆನ್ನಿ.

ಅಷ್ಟರಲ್ಲಿ ಮುಪ್ಪು ಕಾಣಿಸತೊಡಗಿತ್ತು. ಪರದೆಯ ಮೇಲಣ ಕಿಟಕಿಗಳನ್ನು ಕಟ್ಟಿಕೊಡುತ್ತಿದ್ದ ಜಿಟಿಕೆ ಎಂಬ ಸಲಕರಣೆ ಲಿನಕ್ಸಿನಲ್ಲಿ ಸಲೀಸಾಗಿ ನಡೆಯುತ್ತಿತ್ತು. ವಿಂಡೋಸಿನಲ್ಲಿಯೂ ಮ್ಯಾಕ್‌ನಲ್ಲಿಯೂ ಪರದೇಶಿಯಂತೆ ತೋರುತ್ತಿತ್ತು. ಮ್ಯಾಕ್‌ನಲ್ಲಂತೂ ಅದಕ್ಕೆ ಮತ್ತೊಂದು ತಂತ್ರಾಂಶದ ಊರುಗೋಲು ಬೇಕಾಗಿತ್ತು. ಕ್ಯೂಟಿ ಎಂಬ ಬೇರೊಂದು ಸಲಕರಣೆಗೆ ಹೊರಳುವುದಾಗಿ 2013ರಲ್ಲಿ ಪ್ರಕಟಿಸಿದರು. 2015ರ ನವೆಂಬರಿನಲ್ಲಿ ಎರಡನೆಯ ಆವೃತ್ತಿ ಹೊಸ ಮುಖ ಹೊತ್ತು ಬಂದಿತು.

ಇಲ್ಲಿ ನಾನು ಮೆಚ್ಚುವುದು ಅವರು ಮುಟ್ಟದೆ ಬಿಟ್ಟದ್ದನ್ನು. ಪೊಟ್ಟಣ ಬಿಡಿಸುವ ಒಳಯಂತ್ರ ಸಿ ಭಾಷೆಯಲ್ಲಿದೆ. ಜಾಲದ ಒಂದೊಂದು ಸಂವಹನ ನಿಯಮಕ್ಕೂ ಒಂದೊಂದು ವಿವರಣಕಾರ. ಅವನ್ನು ಬರೆದವರು ನಾನಾ ದೇಶದ ನೂರಾರು ಮಂದಿ. ‘ಹಳೆಯದು, ಎಲ್ಲವನ್ನೂ ಹೊಸದಾಗಿ ಬರೆದುಬಿಡೋಣ’ ಎಂಬ ಉತ್ಸಾಹಕ್ಕೆ ಸಿಕ್ಕಿದ್ದರೆ ಆ ವ್ಯಾಖ್ಯಾನಗಳ ರಾಶಿಯೇ ಮಣ್ಣುಪಾಲಾಗುತ್ತಿತ್ತು. ಓಲೆಗರಿಯ ಪ್ರತಿಯನ್ನು ಅಚ್ಚಿಗೆ ಸಿದ್ಧಪಡಿಸುವವನು ಲಿಪಿಯನ್ನು ಇಂದಿನದಾಗಿಸುತ್ತಾನೆ. ಪಾಠವನ್ನು ತನಗೆ ತೋಚಿದಂತೆ ಮಾರ್ಪಡಿಸುವ ಅಧಿಕಾರ ಅವನಿಗಿಲ್ಲ. ನಮ್ಮಲ್ಲಿ ಹಾಗೆ ಮಾಡಿದವರೂ ಇದ್ದಾರೆ, ಆ ಮಾತು ಇಲ್ಲಿ ಬೇಡ.

ಇನ್ನೊಂದು ಸೌಜನ್ಯವನ್ನೂ ಹೇಳಬೇಕು. ಹಳೆಯ ಕಿಟಕಿಗೆ ಕೈ ಪಳಗಿದವರಿಗಾಗಿ ಅದನ್ನೂ ಹೊಸತರ ಜೊತೆಯಲ್ಲಿಯೇ ಕೆಲಕಾಲ ಕೊಡುತ್ತಿದ್ದರು. 2019ರ ಮೂರನೆಯ ಆವೃತ್ತಿಯಲ್ಲಿ ಮಾತ್ರ ಅದನ್ನು ತೆಗೆದುಹಾಕಿದರು. ಹೊಸ ಕಿಟಕಿಯನ್ನು ತೆರೆದು, ಈಥೀರಿಯಲ್ ಕಾಲದಲ್ಲಿ ಹಿಡಿದಿಟ್ಟ ಪೊಟ್ಟಣಗಳ ಕಡತವನ್ನು ಇಂದು ಅದರ ಮುಂದಿಟ್ಟರೂ, ಅದು ಸಾಲುಸಾಲಾಗಿ ಓದಿ ಹೇಳುತ್ತದೆ.